ದೋಹಾದ ಬಿಸಿಲಿಗೆ ಯಾವ ಟೈಲ್ಸ್ ಗಮ್?

ದೋಹಾದಲ್ಲಿರುವ ಉಡುಪಿ ಕಡೆಯ ಓದುಗರೊಬ್ಬರು ಕೇಳಿದ್ದಾರೆ: "ಬೇಸಿಗೆ ರಜೆಗೆ ಎಸಿ ಆರಿಸಿ ಊರಿಗೆ ಬಂದಿದ್ದೆವು. ವಾಪಸ್ ಹೋಗಿ ನೋಡಿದರೆ ಹಾಲ್‌ನ ನಡುವೆ ಟೈಲ್ಸ್ ಮೇಲೆದ್ದು ನಿಂತಿವೆ. ಎಲ್ಲಕ್ಕಿಂತ ಗಟ್ಟಿ ಗಮ್ ಯಾವುದು ಹೇಳಿ, ಈ ಸಲ ಅದನ್ನೇ ಹಾಕಿಸುತ್ತೇವೆ."

ಗಟ್ಟಿತನವೊಂದನ್ನೇ ನೋಡಿ ಕೊಂಡರೆ ಮುಂದಿನ ರಜೆಗೂ ಇದೇ ಕತೆಯಾದೀತು.

ಕರಾವಳಿಯ ಹಳೆಯ ಮನೆಗಳಲ್ಲಿ ಗಮ್ಮಿನ ಮಾತೇ ಇರಲಿಲ್ಲ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಹರಡಿದ ಕೆಂಪು ಹಂಚು ಸುಟ್ಟ ಮಣ್ಣು; ಅದರ ತುಂಬ ಕಣ್ಣಿಗೆ ಕಾಣದ ರಂಧ್ರಗಳು. ನೆಲಕ್ಕೆ ಹಾಸಿದರೆ ಗಾರೆಯ ನೀರನ್ನು ಹೀರಿಕೊಳ್ಳುತ್ತದೆ, ನೀರಿನ ಜೊತೆ ಒಳಹೊಕ್ಕ ಸುಣ್ಣವೋ ಸಿಮೆಂಟೋ ಅಲ್ಲೇ ಗಟ್ಟಿಯಾಗಿ ಬೇರೂರುತ್ತದೆ. ಇಂದಿನ ವಿಟ್ರಿಫೈಡ್ ಟೈಲ್ ತನ್ನ ತೂಕದ ಶೇ. 0.5ರಷ್ಟು ನೀರನ್ನೂ ಕುಡಿಯುವುದಿಲ್ಲ. ಬರೀ ಸಿಮೆಂಟ್ ಸ್ಲರಿಗೆ ಅಲ್ಲಿ ಬೇರೂರಲು ಜಾಗವೇ ಇಲ್ಲ.

ದಾರಿ ತೋರಿದ್ದು ರಬ್ಬರ್. ಅಮೆರಿಕದ ರಸಾಯನ ಎಂಜಿನಿಯರ್ ಹೆನ್ರಿ ರಾತ್‌ಬರ್ಗ್ 1950ರ ದಶಕದಲ್ಲಿ ಸಿಮೆಂಟಿಗೆ ಲೇಟೆಕ್ಸ್ ಬೆರೆಸಿ, ಅಂಗುಲದಷ್ಟು ದಪ್ಪ ಗಾರೆಯ ಜಾಗದಲ್ಲಿ ಕೆಲವೇ ಮಿಲಿಮೀಟರ್ ಪದರ ಸಾಕೆಂದು ತೋರಿಸಿದರು. ಅದೇ ದಶಕದಲ್ಲಿ ಜರ್ಮನಿಯ ವಾಕರ್ ಕಂಪನಿ ಇಂಥ ಪಾಲಿಮರನ್ನು ಒಣಪುಡಿಯಾಗಿಸಿತು. ನೀರು ಬಿದ್ದರೆ ಪುಡಿ ಮತ್ತೆ ಹಾಲಿನಂತಾಗಿ, ಒಣಗುತ್ತ ತೆಳು ಪೊರೆಯಾಗಿ ಎರಡೂ ಮೈಗಳನ್ನು ಹಿಡಿಯುತ್ತದೆ. ಇದರ ಜೊತೆಗೆ ಸಸ್ಯಗಳ ಸೆಲ್ಯುಲೋಸಿನಿಂದ ತಯಾರಿಸಿದ, ನೀರನ್ನು ಬಿಟ್ಟುಕೊಡದ ಇನ್ನೊಂದು ಪುಡಿ. ಗಮ್ಮಿನ ಚೀಲದಲ್ಲಿ ಸಿಮೆಂಟ್, ಮರಳು ಅಗ್ಗದವು; ನಾವು ದುಡ್ಡು ಕೊಡುವುದು ಈ ಎರಡಕ್ಕೆ.

ಚೀಲದ ಮೇಲಿನ ಸಂಕೇತ ಓದಲು ಬಂದರೆ ಜಾಹೀರಾತು ಬೇಕಿಲ್ಲ. ಸಿ1 ಎಂದರೆ ಚದರ ಮಿಲಿಮೀಟರಿಗೆ ಕನಿಷ್ಠ 0.5 ನ್ಯೂಟನ್ ಹಿಡಿತ, ಸಿ2 ಎಂದರೆ 1 ನ್ಯೂಟನ್. ಅಲ್ಪವೆನಿಸುತ್ತದೆಯೆ? ಎರಡಡಿ ಚೌಕದ ಟೈಲಿನ ಅಡಿ ಪೂರ್ತಿ ತುಂಬಿದ ಸಿ2 ಗಮ್ಮನ್ನು ನೇರ ಮೇಲಕ್ಕೆಳೆದು ಕೀಳಲು, ಲೆಕ್ಕದಲ್ಲಿ, 36 ಟನ್ ಬಲ ಬೇಕು! "ಡಬಲ್ ಸ್ಟ್ರೆಂತ್" ಎಂಬ ಘೋಷಣೆ ನೋಡಿದಾಗಲೆಲ್ಲ ನನಗೆ ನಗು ಬರುವುದು ಇದಕ್ಕೇ. ಟಿ ಅಕ್ಷರ ಗೋಡೆಯಲ್ಲಿ ಟೈಲ್ ಜಾರದಿರಲಿ ಎಂದು; ನೆಲಕ್ಕೆ ಅದರ ಹಂಗಿಲ್ಲ. ಡಬ್ಬದಲ್ಲಿ ಬರುವ ಸಿದ್ಧ ಪೇಸ್ಟ್ ವಿಟ್ರಿಫೈಡ್ ಟೈಲಿನಡಿ ಬೇಡ, ಅದರ ನೀರು ಆರಿಹೋಗಲು ದಾರಿಯಿಲ್ಲ.

ಕತಾರಿನಲ್ಲಿ ನೋಡಬೇಕಾದ ಅಕ್ಷರ ಇ. ಹರಡಿದ ಗಮ್ಮಿನ ಮೇಲೆ ಟೈಲ್ ಕೂರಿಸಲು ಸಾಮಾನ್ಯಕ್ಕೆ 20 ನಿಮಿಷ, ಇ ಇದ್ದರೆ 30 ನಿಮಿಷ ಸಮಯವಿರುತ್ತದೆ. ಆದರೆ ಆ ಪರೀಕ್ಷೆ ನಡೆಯುವುದು 23 ಡಿಗ್ರಿಯ, ಗಾಳಿಯಾಡದ ಕೋಣೆಯಲ್ಲಿ. ದೋಹಾದ ಜುಲೈ 45 ಡಿಗ್ರಿ ದಾಟುತ್ತದೆ, ಮೇಲೆ ಶಮಾಲ್ ಎಂಬ ಒಣಗಾಳಿ. ಕಾಯಿಸಿಟ್ಟ ಹಾಲಿನ ಮೇಲೆ ಕೆನೆ ಕಟ್ಟುವ ಹಾಗೆ ಗಮ್ಮಿನ ಮೇಲೂ ಕಟ್ಟುತ್ತದೆ: ಒಳಗೆ ಹಸಿ, ಮೇಲೆ ಪೊರೆ. ಅದರ ಮೇಲೆ ಕೂತ ಟೈಲ್ ಅಂಟಿದಂತೆ ಕಾಣುತ್ತದೆ, ಅಂಟಿರುವುದಿಲ್ಲ. ಬೆರಳಿಟ್ಟು ನೋಡಿ, ಗಮ್ ಬೆರಳಿಗೆ ಹತ್ತದಿದ್ದರೆ ಕೆರೆದು ತೆಗೆಯಬೇಕು, ನೀರು ಚಿಮುಕಿಸಿ ಮೋಸಹೋಗಬಾರದು. ಆಗಾಗ ಒಂದು ಟೈಲ್ ಎತ್ತಿ, ಬೆನ್ನಿನ ಶೇ. 80 ಭಾಗಕ್ಕಾದರೂ ಗಮ್ ಮೆತ್ತಿದೆಯೇ ನೋಡುವುದೂ ಒಳ್ಳೆಯದು; ಬಾಲ್ಕನಿ, ಬಚ್ಚಲಲ್ಲಿ ಶೇ. 95.

ಇನ್ನು ಎದ್ದು ನಿಂತ ಟೈಲ್‌ಗಳ ವಿಷಯ. ಕಾಂಕ್ರೀಟು ಒಣಗುತ್ತ ಕುಗ್ಗುತ್ತದೆ. ಆರು ಮೀಟರ್ ಹಾಲ್‌ನಲ್ಲಿ ಎರಡು ಮೂರು ಮಿಲಿಮೀಟರ್ ಕುಗ್ಗುವುದು ವಿಶೇಷವಲ್ಲ. ಟೈಲ್ ಕುಗ್ಗುವುದಿಲ್ಲ. ಮೇಲಾಗಿ ಎಸಿ ಆರಿ ಮನೆ 40 ಡಿಗ್ರಿಗೆ ಕಾದರೆ ಅದೇ ಹಾಲ್‌ನ ಟೈಲ್ಸ್ ಅರ್ಧ ಮಿಲಿಮೀಟರಿಗಿಂತ ಹೆಚ್ಚು ಹಿಗ್ಗುತ್ತವೆ. ಅಂಚಿನಲ್ಲಿ ಗೋಡೆ ಒತ್ತಿಹಿಡಿದರೆ ಅವು ಹೋಗಬೇಕಾದ್ದು ಮೇಲಕ್ಕೇ. ಹಾಗಾಗಿ ಕೊಳ್ಳಬೇಕಾದ್ದು ಸಿ2ಇ ಎಸ್1. ಎಸ್1 ಎಂದರೆ ಒಣಗಿದ ಗಮ್ಮಿನ ಪಟ್ಟಿ ಮುರಿಯುವ ಮುನ್ನ ಕನಿಷ್ಠ 2.5 ಮಿಲಿಮೀಟರ್ ಬಾಗುತ್ತದೆ. ಆದರೂ ಗೋಡೆಗೆ ತಾಗಿ ಸುತ್ತಲೂ ಎಂಟು ಹತ್ತು ಮಿಲಿಮೀಟರ್ ಸಂದು ಬಿಡಲೇಬೇಕು. ಸ್ಕರ್ಟಿಂಗ್ ಅದನ್ನು ಮುಚ್ಚುತ್ತದೆ. ನೇರ ಬಿಸಿಲು ಬೀಳುವ ಕಡೆ ಮೂರು ಮೀಟರಿಗೊಂದು ಸಿಲಿಕೋನ್ ಸಂದು ಇರಲಿ. ಕೆಲಸ ಶುರುವಾಗುವ ಮೊದಲೇ ಮೇಸ್ತ್ರಿಗೆ ಇದನ್ನು ಹೇಳಿಬಿಡಿ, ಇಲ್ಲವಾದರೆ ಅಚ್ಚುಕಟ್ಟಾಗಿ ಕಾಣಲೆಂದು ಆತ ಆ ಸಂದಿಗೂ ಸಿಮೆಂಟ್ ತುಂಬಿಬಿಟ್ಟಾನು.