ಕಾರ್ಲ್‌ಟನ್ ಚಾಪ್‌ಮನ್: ಊರು ಬಿಟ್ಟು ಬೆಳೆದ ಮಿಡ್‌ಫೀಲ್ಡರ್

ಕಾರ್ಲ್‌ಟನ್ ಚಾಪ್‌ಮನ್ ಹುಟ್ಟಿದ್ದು 1971ರ ಏಪ್ರಿಲ್ 13ರಂದು, ಬೆಂಗಳೂರಿನಲ್ಲಿ. 1990ರ ದಶಕದ ಭಾರತೀಯ ಫುಟ್‌ಬಾಲ್‌ನ ಉತ್ತಮ ಮಿಡ್‌ಫೀಲ್ಡರ್‌ಗಳನ್ನು ನೆನೆಯುವಾಗ ಮೊದಲಿಗೇ ಬರುವ ಹೆಸರುಗಳಲ್ಲಿ ಅವರದೂ ಒಂದು. ಫುಟ್‌ಬಾಲ್ ನೆಚ್ಚಿಕೊಂಡು ಹೊಟ್ಟೆ ಹೊರೆಯಬೇಕೆಂದರೆ ಕರ್ನಾಟಕದ ಹುಡುಗನೊಬ್ಬ ಆಗ ಎಷ್ಟು ದೂರ ಹೋಗಬೇಕಿತ್ತು ಎಂಬುದು ಅವರ ಆಟದ ಬದುಕನ್ನು ನೋಡಿದರೆ ತಿಳಿಯುತ್ತದೆ.

ಈ ಆಟ ರಾಜ್ಯದ ಎಲ್ಲ ಕಡೆ ಒಂದೇ ಸಮನೆ ಹಬ್ಬಲಿಲ್ಲ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯಲ್ಲಿ ಕುಸ್ತಿ, ಕಬಡ್ಡಿ, ಕೊಕ್ಕೊ ಆಟಗಳಿಗಿರುವ ಬೇರು ಫುಟ್‌ಬಾಲ್‌ಗೆ ಇಲ್ಲ. ಬ್ರಿಟಿಷ್ ಪಲ್ಟಣಗಳ ಜೊತೆ ಬಂದ ಕಾಲ್ಚೆಂಡು ಬೆಂಗಳೂರಿನ ದಂಡು ಪ್ರದೇಶದಲ್ಲಿ ನೆಲೆ ನಿಂತಿತು. ಹಲಸೂರು, ಗೌತಮಪುರ, ಆಸ್ಟಿನ್ ಟೌನ್‌ಗಳ ಬಡ ಕೇರಿಗಳ ಮಕ್ಕಳು ಅದನ್ನು ತಮ್ಮದಾಗಿಸಿಕೊಂಡರು. ಗೌತಮಪುರದಲ್ಲಿ ಇಂದಿಗೂ ಬ್ರೆಜಿಲ್‌ನ ಪೆಲೆಯ ಪ್ರತಿಮೆ ಇದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಎಸ್. ರಾಮನ್ ಬೆಂಗಳೂರಿನವರು. ಅದೇ ತಂಡದಲ್ಲಿದ್ದ ಅಹ್ಮದ್ ಖಾನ್ ಕೂಡ ಇಲ್ಲಿಯವರೇ. ಕೋಲ್ಕತ್ತಾದ ಈಸ್ಟ್ ಬೆಂಗಾಲ್ ಸೇರಿ 'ಪಂಚ ಪಾಂಡವ'ರೆಂದು ಹೆಸರಾದ ಅಲ್ಲಿನ ಐವರು ಮುಂಚೂಣಿ ಆಟಗಾರರಲ್ಲಿ ಒಬ್ಬರೆನಿಸಿಕೊಂಡ ಅವರು 1951ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲೂ ಆಡಿದರು. 1956 ಮತ್ತು 1960ರ ಒಲಿಂಪಿಕ್ಸ್‌ಗೆ ಹೋದ ಎಂ. ಕೆಂಪಯ್ಯ ಹಾಫ್‌ಬ್ಯಾಕ್, ಅಂದರೆ ಇಂದಿನ ಲೆಕ್ಕದಲ್ಲಿ ಮಿಡ್‌ಫೀಲ್ಡರ್. ಅವರು ಹೆಸರು ಮಾಡಿದ್ದೂ ಕೋಲ್ಕತ್ತಾದಲ್ಲೇ, ಮೋಹನ್ ಬಾಗಾನ್ ಪರ ಆಡಿ.

ಚಾಪ್‌ಮನ್ ಬಂದದ್ದು ಇದೇ ದಾರಿಯಲ್ಲಿ. ಅವರು ಭಾರತೀಯ ಕ್ರೀಡಾ ಪ್ರಾಧಿಕಾರದ ಬೆಂಗಳೂರು ಕೇಂದ್ರದಲ್ಲಿ ಪಳಗಿ, ಸದರ್ನ್ ಬ್ಲೂಸ್ ಕ್ಲಬ್ ಪರ ಆಡಿ, 1990ರಲ್ಲಿ ಜಮ್ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿ ಸೇರಿದರು. ಅಕಾಡೆಮಿ ಶುರುವಾಗಿ ಆಗ ಮೂರೇ ವರ್ಷವಾಗಿತ್ತು. ಹುಡುಗರಿಗೆ ಊಟ, ವಸತಿ, ತರಬೇತಿ ಎಲ್ಲವನ್ನೂ ಒಂದೇ ಕಡೆ ಕೊಟ್ಟು ಆಟಗಾರರನ್ನು ತಯಾರು ಮಾಡುವ ಇಂಥ ಸಂಸ್ಥೆ ದೇಶದಲ್ಲಿ ಬಹಳ ಅಪರೂಪವಾಗಿದ್ದ ಕಾಲವದು.

ಮಿಡ್‌ಫೀಲ್ಡರ್‌ನ ಕೆಲಸ ಗ್ಯಾಲರಿಯಲ್ಲಿ ಕೂತವರ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. ಚೆಂಡು ಕಾಲಿಗೆ ಬರುವ ಮೊದಲೇ ಆತ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿ, ಯಾರು ಎಲ್ಲಿದ್ದಾರೆಂದು ನೋಡಿಟ್ಟುಕೊಂಡಿರಬೇಕು. ಮೈಯನ್ನು ಅರ್ಧ ತಿರುಗಿಸಿ ಚೆಂಡು ಹಿಡಿದರೆ ಮರುಗಳಿಗೆಯಲ್ಲೇ ಮುಂದಕ್ಕೆ ಪಾಸ್ ಕೊಡಬಹುದು. ನೆಟ್ಟಗೆ ನಿಂತು ಹಿಡಿದರೆ ಬೆನ್ನ ಹಿಂದಿನ ಎದುರಾಳಿ ಕಸಿದುಕೊಳ್ಳುತ್ತಾನೆ. ಕಳೆದುಕೊಂಡ ಚೆಂಡಿಗಾಗಿ ತನ್ನ ಗೋಲಿನವರೆಗೂ ಓಡಿ ಬರಬೇಕು, ಗೆದ್ದ ಮೇಲೆ ಎದುರಾಳಿಯ ಗೋಲಿನವರೆಗೂ ಹೋಗಬೇಕು. ಚಾಪ್‌ಮನ್‌ಗೆ ಈ ಓಟದ ಕಸುವೂ ಇತ್ತು, ಗೋಲು ಹೊಡೆಯುವ ಚಾಕಚಕ್ಯತೆಯೂ ಇತ್ತು.

1993ರಲ್ಲಿ ಈಸ್ಟ್ ಬೆಂಗಾಲ್ ಅವರನ್ನು ಕರೆಸಿಕೊಂಡಿತು. ಅದೇ ವರ್ಷ ಏಷ್ಯನ್ ಕಪ್ ವಿನ್ನರ್ಸ್ ಕಪ್ ಪಂದ್ಯದಲ್ಲಿ ಇರಾಕ್‌ನ ಅಲ್ ಜವ್ರಾ ತಂಡವನ್ನು ಕೋಲ್ಕತ್ತಾದ ಈ ಕ್ಲಬ್ 6-2 ಗೋಲುಗಳಿಂದ ಮಣಿಸಿತು. ಅದರಲ್ಲಿ ಮೂರು ಗೋಲು ಚಾಪ್‌ಮನ್‌ರವು. ಇರಾಕ್ ಆಗ ಏಷ್ಯಾದ ಬಲಾಢ್ಯ ಫುಟ್‌ಬಾಲ್ ರಾಷ್ಟ್ರಗಳಲ್ಲೊಂದು, 1986ರಲ್ಲಿ ವಿಶ್ವಕಪ್ ಆಡಿ ಬಂದ ದೇಶ. ಅಂಥ ದೇಶದ ಕ್ಲಬ್ ವಿರುದ್ಧ ಇಪ್ಪತ್ತೆರಡರ ಹುಡುಗ, ಅದೂ ಮಿಡ್‌ಫೀಲ್ಡರ್, ಹ್ಯಾಟ್ರಿಕ್ ಗಳಿಸಿದ್ದು ಸಣ್ಣ ಮಾತಲ್ಲ. ಭಾರತದ ಕ್ಲಬ್‌ಗಳ ಚರಿತ್ರೆಯಲ್ಲಿ ಇದಕ್ಕೆ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ.

1995ರಲ್ಲಿ ಅವರು ಪಂಜಾಬಿನ ಫಗ್ವಾಡದ ಜೆಸಿಟಿ ಸೇರಿದರು. ಅಲ್ಲಿ ಮುಂದೆ ಐ.ಎಂ. ವಿಜಯನ್ ಮತ್ತು ಬೈಚುಂಗ್ ಭುಟಿಯಾ, ಅವರ ಹಿಂದೆ ಚಾಪ್‌ಮನ್. 1996ರಲ್ಲಿ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಆರಂಭವಾದಾಗ ಮೊದಲ ಪ್ರಶಸ್ತಿ ಗೆದ್ದದ್ದು ಇದೇ ತಂಡ. ಗೋಲು ಗಳಿಕೆಯಲ್ಲಿ ಭುಟಿಯಾ ಮೊದಲಿಗರಾದರು. ಹಾಗೆ ಗೋಲಿನ ಲೆಕ್ಕ ಮುಂದಿನವರ ಖಾತೆಗೇ ಹೋಗುತ್ತದೆ, ಚೆಂಡು ಒದಗಿಸಿದವರ ಹೆಸರು ಹಿಂದೆ ಉಳಿಯುತ್ತದೆ. ಮುಂದಿನ ಋತುವನ್ನು ಎಫ್‌ಸಿ ಕೊಚ್ಚಿನ್‌ನಲ್ಲಿ ಕಳೆದು, 1998ರಲ್ಲಿ ಮತ್ತೆ ಈಸ್ಟ್ ಬೆಂಗಾಲ್‌ಗೆ ಬಂದರು. 2000-01ರಲ್ಲಿ ಅವರ ನಾಯಕತ್ವದಲ್ಲೇ ಆ ಕ್ಲಬ್ ಮೊದಲ ಬಾರಿ ರಾಷ್ಟ್ರೀಯ ಲೀಗ್ ಗೆದ್ದಿತು. ಈ ನಡುವೆ ಭಾರತ ತಂಡದಲ್ಲಿ ಆಡಿದರು, ಕೆಲಕಾಲ ನಾಯಕರೂ ಆಗಿದ್ದರು. 2001ರಲ್ಲಿ ನಿವೃತ್ತರಾದಾಗ ವಯಸ್ಸು ಮೂವತ್ತು.

ಜರ್ಮನಿಯ ಮಿಡ್‌ಫೀಲ್ಡರ್ ಒಬ್ಬರ ಹಾದಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಆ ದೇಶದ ವೃತ್ತಿಪರ ಲೀಗ್ ಬುಂಡೆಸ್‌ಲೀಗಾ 1963ರಲ್ಲೇ ಶುರುವಾಗಿತ್ತು. 2000ದ ಯುರೋ ಕಪ್‌ನಲ್ಲಿ ಜರ್ಮನಿ ಗುಂಪು ಹಂತದಲ್ಲೇ ಹೊರಬಿದ್ದಾಗ, ಮಕ್ಕಳ ತರಬೇತಿ ಕೇಂದ್ರ ನಡೆಸುವುದನ್ನು ಅಗ್ರ ಕ್ಲಬ್‌ಗಳಿಗೆ ಕಡ್ಡಾಯ ಮಾಡಲಾಯಿತು. ಗ್ರೈಫ್ಸ್‌ವಾಲ್ಡ್ ಎಂಬ ಸಣ್ಣ ಪಟ್ಟಣದ ಟೋನಿ ಕ್ರೂಸ್ ಮೊದಲು ತನ್ನ ಊರಿನಲ್ಲಿ, ಆಮೇಲೆ ಅದೇ ಸೀಮೆಯ ರೋಸ್ಟಾಕ್‌ನಲ್ಲಿ ಕಲಿತು, 2006ರಲ್ಲಿ ಬಯರ್ನ್ ಮ್ಯೂನಿಕ್ ಸೇರಿದ್ದು ಹದಿನಾರನೇ ವಯಸ್ಸಿಗೆ. 2014ರ ವಿಶ್ವಕಪ್ ಗೆದ್ದ ತಂಡದ ನಡುಗಂಬ ಆತ. ಕ್ರೂಸ್‌ಗೆ ಮನೆಯ ಹತ್ತಿರವೇ ಸಿಕ್ಕಿದ ಕಲಿಕೆಗೆ ಚಾಪ್‌ಮನ್ ಹತ್ತೊಂಬತ್ತರ ಹೊತ್ತಿಗೆ ಜಮ್ಶೆಡ್‌ಪುರದ ರೈಲು ಹತ್ತಬೇಕಾಯಿತು. ಪ್ರತಿಭೆಯ ಅಂತರವನ್ನು ಯಾರೂ ಅಳೆಯಲಾರರು, ಅವಕಾಶದ ಅಂತರ ಮಾತ್ರ ಕಣ್ಣೆದುರಿಗಿದೆ.

ಆಟ ಬಿಟ್ಟ ಮೇಲೂ ಅವರು ಮೈದಾನ ಬಿಡಲಿಲ್ಲ. ಟಾಟಾ ಅಕಾಡೆಮಿ, ಶಿಲ್ಲಾಂಗ್‌ನ ರಾಯಲ್ ವಾಹಿಂಗ್ಡೊ, ಕೋಲ್ಕತ್ತಾದ ಭವಾನಿಪುರ, ಕೋಯಿಕ್ಕೋಡ್‌ನ ಕ್ವಾರ್ಟ್ಜ್ ಹೀಗೆ ಊರಿಂದೂರಿಗೆ ಹೋಗಿ ಹುಡುಗರಿಗೆ ಕಲಿಸಿದರು. 2020ರ ಅಕ್ಟೋಬರ್ 12ರಂದು ಬೆಂಗಳೂರಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಆಗ ಅವರಿಗೆ 49 ವರ್ಷ.

ಅಷ್ಟರಲ್ಲಿ ರಾಜ್ಯದ ಫುಟ್‌ಬಾಲ್ ಒಂದಿಷ್ಟು ಬದಲಾಗಿತ್ತು. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಮೊದಲ ಋತುವಿನಲ್ಲೇ ಆಗ ದೇಶದ ಅಗ್ರ ಲೀಗ್ ಆಗಿದ್ದ ಐ-ಲೀಗ್ ಗೆದ್ದಿತ್ತು. ಬೆಂಗಳೂರಿನ ಹುಡುಗ ಈಗ ಬೆಂಗಳೂರಿನಲ್ಲೇ ಇದ್ದು ವೃತ್ತಿಪರ ಆಟಗಾರನಾಗಬಹುದು. ಹಾವೇರಿಯ ಹುಡುಗನಿಗೆ ಇಂದಿಗೂ ಬೆಂಗಳೂರೇ ಜಮ್ಶೆಡ್‌ಪುರ. ರಾಜ್ಯ ತಂಡಗಳ ಸಂತೋಷ್ ಟ್ರೋಫಿಯನ್ನು 1968-69ರಲ್ಲಿ ಮೈಸೂರು ಹೆಸರಿನಲ್ಲಿ ಗೆದ್ದಿದ್ದ ನಾಡು ಮತ್ತೆ ಅದನ್ನು ಎತ್ತಿದ್ದು 2023ರ ಮಾರ್ಚ್‌ನಲ್ಲಿ, ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ. ಚಾಪ್‌ಮನ್ ಬದುಕಿದ್ದ ನಲವತ್ತೊಂಬತ್ತು ವರ್ಷಗಳಲ್ಲಿ ಕರ್ನಾಟಕ ಒಮ್ಮೆಯೂ ಆ ಟ್ರೋಫಿ ಗೆಲ್ಲಲಿಲ್ಲ.