ಹುಣ್ಣು ಮಾಯಿತು, ನೋವು ಹೋಗಲಿಲ್ಲ

ಕರುಳನ್ನು ಕಾಡುವ ಕ್ರೋನ್ಸ್ ಕಾಯಿಲೆ ಎಷ್ಟು ಕೆರಳಿದೆ ಎಂದು ಅಳೆಯಲು 1976ರಲ್ಲಿ ಅಮೆರಿಕದ ವೈದ್ಯ ವಿಲಿಯಂ ಬೆಸ್ಟ್ ಮತ್ತು ಸಂಗಡಿಗರು ಒಂದು ಅಂಕಪಟ್ಟಿ ಮಾಡಿದರು. ಹೊಸ ಔಷಧಗಳ ಪರೀಕ್ಷೆಗೆ ರೋಗಿಗಳನ್ನು ಆರಿಸುವಾಗ ದಶಕಗಳ ಕಾಲ ನಡೆದದ್ದು ಇದರದೇ ಆಡಳಿತ. ರೋಗಿ ಏಳು ದಿನ ಡೈರಿ ಬರೆಯಬೇಕು: ಎಷ್ಟು ಸಲ ಭೇದಿಯಾಯಿತು, ಹೊಟ್ಟೆನೋವು ಎಷ್ಟಿತ್ತು, ಒಟ್ಟಾರೆ ಮೈ ಹೇಗಿತ್ತು. ತೂಕ, ರಕ್ತಹೀನತೆಯಂಥ ಬೇರೆ ಕಲಮುಗಳೂ ಇವೆ. ಆದರೆ ಅಂಕ ಏರಿಸುವುದು ಮುಖ್ಯವಾಗಿ ಈ ಮೂರೇ.

ಒಂದು ಲೆಕ್ಕ ಹಾಕಿ ನೋಡೋಣ. ಒಬ್ಬರಿಗೆ ದಿನಕ್ಕೆ ನಾಲ್ಕು ಸಲ ಭೇದಿ, ವಾರಕ್ಕೆ 28. ಅದನ್ನು ಎರಡರಿಂದ ಗುಣಿಸಿದರೆ 56. ನೋವು ದಿನವೂ ‘ಮಧ್ಯಮ’, ಅಂದರೆ 2 ಅಂಕ. ವಾರದ 14ನ್ನು ಐದರಿಂದ ಗುಣಿಸಿದರೆ 70. ಮೈ ‘ಚೆನ್ನಾಗಿಲ್ಲ’, ಅದಕ್ಕೂ ದಿನಕ್ಕೆ 2. ಈ 14ನ್ನು ಏಳರಿಂದ ಗುಣಿಸಿದರೆ 98. ಒಟ್ಟು 224. ಪಟ್ಟಿಯ ಪ್ರಕಾರ 150ಕ್ಕಿಂತ ಕಡಿಮೆಯಿದ್ದರೆ ಕಾಯಿಲೆ ತಣ್ಣಗಿದೆ, 220 ದಾಟಿದರೆ ಸಾಕಷ್ಟು ಕೆರಳಿದೆ. ಇಷ್ಟೆಲ್ಲ ಗುಣಾಕಾರ ಮುಗಿದರೂ ಕರುಳಿನೊಳಗೆ ಯಾರೂ ಇಣುಕಿ ನೋಡಿಲ್ಲ!

2013ರಲ್ಲಿ ಐರ್ಲೆಂಡಿನ ವೈದ್ಯರು ಇದೇ ಪಟ್ಟಿಯನ್ನು ಕ್ರೋನ್ಸ್ ಇಲ್ಲದ, ಬರೀ ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್) ಇರುವವರಿಗೂ ಅನ್ವಯಿಸಿದರು. ಅವರ ಅಂಕಗಳೂ ಕ್ರೋನ್ಸ್ ರೋಗಿಗಳ ಅಂಕಗಳಂತೆಯೇ ಮೇಲೇರಿದ್ದವು.

ಐಬಿಡಿ (ಇನ್‌ಫ್ಲಮೇಟರಿ ಬವೆಲ್ ಡಿಸೀಸ್) ಮತ್ತು ಐಬಿಎಸ್ ಬೇರೆ ಬೇರೆ ಕಾಯಿಲೆಗಳು. ಕ್ರೋನ್ಸ್ ಮತ್ತು ಅಲ್ಸರೇಟಿವ್ ಕೊಲೈಟಿಸ್ ಐಬಿಡಿಗೆ ಸೇರುತ್ತವೆ. ದೇಹದ ರಕ್ಷಣಾ ವ್ಯವಸ್ಥೆಯೇ ಕರುಳಿನ ಮೇಲೆ ತಿರುಗಿ ಬಿದ್ದು ಉರಿಯೂತ, ಹುಣ್ಣು, ರಕ್ತಸ್ರಾವ ಉಂಟಾಗುತ್ತದೆ. ಐಬಿಎಸ್‌ನಲ್ಲಿ ಕರುಳು ನೋಡಲು ಸರಿಯಾಗಿಯೇ ಇರುತ್ತದೆ. ಕೆಟ್ಟಿರುವುದು ಅದರ ಚಲನೆ, ಸಂವೇದನೆ, ಮಿದುಳಿನ ಜೊತೆಗಿನ ಅದರ ಸಂಪರ್ಕ. ತೊಡಕಾಗುವುದು ಎರಡೂ ಒಬ್ಬರಲ್ಲೇ ಸೇರಿಕೊಂಡಾಗ, ಮತ್ತು ಇದು ಅಪರೂಪವಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2020ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಐಬಿಡಿ ಹತೋಟಿಯಲ್ಲಿರುವವರಲ್ಲಿ ಸುಮಾರು ಮೂರನೇ ಒಂದು ಭಾಗದ ಜನರಿಗೆ ಐಬಿಎಸ್ ಮಾದರಿಯ ತೊಂದರೆ ಇರುತ್ತದೆ. ಎಂಡೋಸ್ಕೋಪಿಯಲ್ಲಿ ಹುಣ್ಣು ಮಾಯ್ದಿರುವುದು ಖಚಿತವಾದವರಲ್ಲೂ ಕಾಲು ಭಾಗದಷ್ಟು ಮಂದಿ ನರಳುತ್ತಲೇ ಇರುತ್ತಾರೆ.

ಇಂಥವರಿಗೆ ‘ಎಲ್ಲ ಟೆನ್ಷನ್, ರಿಪೋರ್ಟ್ ನಾರ್ಮಲ್ ಇದೆ’ ಎಂದು ಹೇಳಿ ಕಳಿಸುವುದು ಸುಲಭ. ಅದು ಅರ್ಧ ಸತ್ಯವೂ ಅಲ್ಲ. ತಿಂಗಳುಗಟ್ಟಲೆ ಉರಿಯೂತ ಕಂಡ ಕರುಳಿನ ನರಗಳು ಅದು ಇಳಿದ ಮೇಲೂ ಚುರುಕಾಗಿಯೇ ಉಳಿಯಬಹುದು. ಗುದನಾಳದಲ್ಲಿ ಪುಟ್ಟ ಬಲೂನು ಇಟ್ಟು ಗಾಳಿ ತುಂಬುವ ಪರೀಕ್ಷೆಯಲ್ಲಿ, ಬೇರೆಯವರಿಗೆ ನೋವೆನಿಸದ ಒತ್ತಡಕ್ಕೆ ಇವರಲ್ಲಿ ಹಲವರು ನೋವೆನ್ನುತ್ತಾರೆ. ಕೆಲವರಲ್ಲಿ ಕರುಳಿನ ಒಳಪದರದ ಸೋರಿಕೆ ಪೂರ್ತಿ ನಿಂತಿರುವುದಿಲ್ಲ. ಚಿಂತೆ, ನಿದ್ದೆಗೇಡು ಇದನ್ನೆಲ್ಲ ಹೆಚ್ಚಿಸುತ್ತವೆ ನಿಜ. ಆದರೆ ಹೊರಗೆ ಹೋದಲ್ಲೆಲ್ಲ ಮೊದಲು ಟಾಯ್ಲೆಟ್ ಎಲ್ಲಿದೆ ಎಂದು ಹುಡುಕಬೇಕಾದವರಿಗೆ ಚಿಂತೆ ಹತ್ತದಿದ್ದರೇ ಆಶ್ಚರ್ಯ.

ತಪ್ಪು ಎರಡೂ ಕಡೆ ಆಗುತ್ತದೆ. ನೋವು ಎಂದ ಕೂಡಲೇ ಕಾಯಿಲೆ ಮರುಕಳಿಸಿತೆಂದು ಸ್ಟಿರಾಯ್ಡ್ ಏರಿಸಿದರೆ ಮೂಳೆ ಸವೆಯುತ್ತದೆ, ಸಕ್ಕರೆ ಏರುತ್ತದೆ, ಸೋಂಕು ಹತ್ತಿರವಾಗುತ್ತದೆ. ನೋವು ಮಾತ್ರ ಇದ್ದಲ್ಲೇ ಇರುತ್ತದೆ. ದುಬಾರಿ ಬಯಾಲಜಿಕ್ ಇಂಜೆಕ್ಷನ್ ಕೂಡ ‘ಕೆಲಸ ಮಾಡಲಿಲ್ಲ’ ಎಂಬ ಹಣೆಪಟ್ಟಿ ಹೊತ್ತು ಬದಲಾಗುತ್ತದೆ. ತಿರುವುಮುರುವಾಗಿ, ‘ಗ್ಯಾಸ್ಟ್ರಿಕ್’ ಎಂದು ವರ್ಷಗಟ್ಟಲೆ ಮಾತ್ರೆ ನುಂಗುತ್ತಾ ಕೂತವರ ಸಣ್ಣ ಕರುಳು ಒಳಗೊಳಗೇ ಕಿರಿದಾಗುತ್ತಾ ಹೋಗಿರಬಹುದು. ನಮ್ಮ ನಾಡಿನಲ್ಲಂತೂ ಯಾವ ತೊಂದರೆಯನ್ನೂ ಗ್ಯಾಸ್ಟ್ರಿಕ್ ಲೆಕ್ಕಕ್ಕೆ ಬರೆದುಬಿಡುತ್ತೇವೆ.

ಹಾಗಾದರೆ ಗುರುತಿಸುವುದು ಹೇಗೆ? ಮೊದಲ ಸುಳಿವು ರೋಗಿಯ ಮಾತಿನಲ್ಲೇ ಇರುತ್ತದೆ. ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ಮಲದಲ್ಲಿ ರಕ್ತ, ಜ್ವರ, ಇಳಿಯುತ್ತಿರುವ ತೂಕ ಇದ್ದರೆ ಐಬಿಎಸ್ ಎನ್ನುವ ಅವಸರ ಸಲ್ಲದು. ಊಟವಾದ ಕೂಡಲೇ ಹೊಟ್ಟೆ ನುಲಿದು, ಬಹಿರ್ದೆಸೆಗೆ ಹೋಗಿ ಬಂದ ಮೇಲೆ ಹಗುರವಾದರೆ ಅನುಮಾನ ಐಬಿಎಸ್ ಕಡೆ ವಾಲುತ್ತದೆ. ಆದರೆ ಲಕ್ಷಣವನ್ನು ಮಾತ್ರ ನಂಬಿದರೆ 1976ರ ಪಟ್ಟಿಯ ಕಥೆಯೇ ಆಗುತ್ತದೆ.

ಇಲ್ಲಿ ನೆರವಿಗೆ ಬರುವುದು ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಪ್ರೋಟೀನು. ನಾರ್ವೆಯ ಮ್ಯಾಗ್ನೆ ಫಾಗರ್‌ಹೋಲ್ ಮತ್ತು ಸಂಗಡಿಗರು 1980ರಲ್ಲಿ ಬಿಳಿ ರಕ್ತಕಣಗಳಿಂದ ಇದನ್ನು ಬೇರ್ಪಡಿಸಿದ್ದರು. ಕರುಳಲ್ಲಿ ಉರಿಯೂತವಿದ್ದರೆ ಆ ಕಣಗಳು ಅಲ್ಲಿಗೆ ಧಾವಿಸುತ್ತವೆ, ಪ್ರೋಟೀನು ಮಲದ ಜೊತೆ ಹೊರಬೀಳುತ್ತದೆ. ಡಬ್ಬಿಯಲ್ಲಿ ಒಂದಿಷ್ಟು ಮಾದರಿ ಕೊಟ್ಟರೆ ಸಾಕು. ಗ್ರಾಮಿಗೆ 50 ಮೈಕ್ರೋಗ್ರಾಮಿಗಿಂತ ಕಡಿಮೆ ಇದ್ದರೆ ಬಹುಮಟ್ಟಿಗೆ ನಿರಾಳ. 250 ದಾಟಿದರೆ ಉರಿಯೂತದ ಸಾಧ್ಯತೆ ಹೆಚ್ಚು. ನಡುವಿನ ಅಂಕಿ ಬಂದಾಗ ಕೆಲವು ವಾರ ಬಿಟ್ಟು ಮತ್ತೆ ಮಾಡಿಸುವುದೇ ಜಾಣತನ. ಮಂಡಿನೋವಿಗೆಂದು ಡೈಕ್ಲೋಫೆನ್ಯಾಕ್ ನುಂಗಿದ್ದರೂ ಈ ಅಂಕಿ ಏರಬಹುದು. ಇದನ್ನು ರೋಗಿ ತಾನಾಗಿ ಹೇಳುವುದಿಲ್ಲ, ವೈದ್ಯರೇ ಕೇಳಬೇಕು. ಕಾಯಿಲೆ ಸಣ್ಣ ಕರುಳಿನಲ್ಲಷ್ಟೇ ಇದ್ದರೆ ಅಂಕಿ ಏರದೆಯೂ ಇರಬಹುದು. ಆದ್ದರಿಂದ ಅನುಮಾನ ಉಳಿದರೆ ಬಯಾಪ್ಸಿ ಸಮೇತ ಕೊಲೊನೋಸ್ಕೋಪಿ, ಎಂಆರ್ ಅಥವಾ ಸಿಟಿ ಸ್ಕ್ಯಾನ್ ಬೇಕಾಗುತ್ತದೆ.

ಎಲ್ಲವೂ ಶುಭ್ರವಾಗಿ ಬಂದರೂ ಐಬಿಎಸ್ ಎಂದು ಷರಾ ಬರೆಯುವ ಮುನ್ನ ನೋಡಬೇಕಾದ ಮೂಲೆಗಳಿವೆ. ಅಮೆರಿಕದ ಗ್ಯಾಸ್ಟ್ರೋಎಂಟರಾಲಜಿ ಸಂಘ 2019ರಲ್ಲಿ ಕೊಟ್ಟ ಸಲಹೆಯೂ ಇದೇ. ಕ್ರೋನ್ಸ್‌ಗೆ ಆಪರೇಷನ್ ಆಗಿ ಸಣ್ಣ ಕರುಳಿನ ಕೊನೆಯ ಭಾಗ ತೆಗೆದಿದ್ದರೆ, ಅಲ್ಲಿ ಹೀರಿಕೊಳ್ಳಬೇಕಾದ ಪಿತ್ತರಸದ ಆಮ್ಲ ದೊಡ್ಡ ಕರುಳಿಗೆ ಇಳಿದು ನೀರು ಸೆಳೆಯುತ್ತದೆ. ಅಲ್ಲಿ ಭೇದಿಗೆ ಬೇಕಿರುವುದು ಕೊಲೆಸ್ಟೈರಮಿನ್ ಪುಡಿ, ಸ್ಟಿರಾಯ್ಡ್ ಅಲ್ಲ. ಹಾಲು ಒಗ್ಗದಿರುವುದು ನಮ್ಮಲ್ಲಿ ಸಾಮಾನ್ಯ. ಸಣ್ಣ ಕರುಳಿನಲ್ಲಿ ಬ್ಯಾಕ್ಟೀರಿಯಾ ಹೆಚ್ಚಿದರೆ ಹೊಟ್ಟೆ ಉಬ್ಬರಿಸುತ್ತದೆ. ಗಂಟೆಗಟ್ಟಲೆ ಕೂತರೂ ಪೂರ್ತಿ ಹೋಗಲಿಲ್ಲ ಎನ್ನುವವರಲ್ಲಿ ತಿಣುಕುವಾಗ ಸಡಿಲವಾಗಬೇಕಾದ ಸ್ನಾಯು ಬಿಗಿಯುತ್ತಿರಬಹುದು. ಅದಕ್ಕೆ ಬಯೋಫೀಡ್‌ಬ್ಯಾಕ್ ಎಂಬ ತರಬೇತಿ ಇದೆ. ಇನ್ನು ಕರುಳಿನ ಕ್ಷಯ ಕ್ರೋನ್ಸ್‌ನಂತೆಯೇ ವೇಷ ಹಾಕುವುದರಿಂದ, ಭಾರತದ ವೈದ್ಯರಿಗೆ ಮೊದಲ ರೋಗನಿರ್ಣಯವನ್ನೇ ಮತ್ತೊಮ್ಮೆ ತಿರುವಿ ನೋಡುವ ಕೆಲಸವೂ ಇರುತ್ತದೆ.

ಇಷ್ಟೆಲ್ಲ ಸೋಸಿದ ಮೇಲೂ ಉಳಿದದ್ದು ಐಬಿಎಸ್ ಆದರೆ, ಅದಕ್ಕೆ ಅದರದೇ ಚಿಕಿತ್ಸೆ. ನುಲಿತಕ್ಕೆ ಮಾತ್ರೆ, ನರದ ನೋವು ತಗ್ಗಿಸಲು ಕಡಿಮೆ ಪ್ರಮಾಣದ ಖಿನ್ನತೆ-ನಿವಾರಕ, ಮನೋಚಿಕಿತ್ಸೆ ಎಲ್ಲವೂ ಬಳಕೆಯಲ್ಲಿವೆ. ಅಫೀಮು ಮೂಲದ ನೋವುನಿವಾರಕಗಳಿಂದ ದೂರ ಇರುವುದೇ ಲೇಸು. ಆಹಾರದ ಬಗ್ಗೆ ಲಂಡನ್ನಿನ ಕಿಂಗ್ಸ್ ಕಾಲೇಜಿನ ತಂಡ 2020ರಲ್ಲಿ ಒಂದು ಪರೀಕ್ಷೆ ಪ್ರಕಟಿಸಿತು. ಕಾಯಿಲೆ ಹತೋಟಿಯಲ್ಲಿದ್ದೂ ಹೊಟ್ಟೆ ಕಾಡುತ್ತಿದ್ದ 52 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ನಾಲ್ಕು ವಾರ ಕಡಿಮೆ ಫಾಡ್‌ಮ್ಯಾಪ್ ಪಥ್ಯ, ಅಂದರೆ ಕರುಳಲ್ಲಿ ಹುದುಗಿ ಗ್ಯಾಸ್ ಮಾಡುವ ಕೆಲವು ಬಗೆಯ ಕಾರ್ಬೊಹೈಡ್ರೇಟ್‌ಗಳನ್ನು ತಗ್ಗಿಸಿದ ಊಟ. ಪಥ್ಯದವರಲ್ಲಿ ನೂರಕ್ಕೆ 52 ಮಂದಿ ಸಾಕಷ್ಟು ಹಾಯೆನಿಸಿತು ಎಂದರೆ, ಹೋಲಿಕೆಯ ಗುಂಪಿನಲ್ಲಿ ಹಾಗೆಂದವರು ನೂರಕ್ಕೆ 16. ಉರಿಯೂತದ ಅಂಕಿ ಮಾತ್ರ ಕದಲಲಿಲ್ಲ.

ನಮ್ಮ ಅಡುಗೆಮನೆಗೆ ಈ ಪಥ್ಯ ಇಳಿಸುವುದು ಸಲೀಸಲ್ಲ. ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಬೇಳೆಕಾಳು ಎಲ್ಲವೂ ತಗ್ಗಿಸುವ ಪಟ್ಟಿಯಲ್ಲಿವೆ; ಅನ್ನ ಉಳಿದರೂ ಹುಳಿಗೆ ಏನು ಹಾಕುವುದು ಎಂಬ ಪ್ರಶ್ನೆ ಏಳುತ್ತದೆ. ಮೊದಲೇ ಸೊರಗಿರುವ ಐಬಿಡಿ ರೋಗಿ ತಾನೇ ಮೊಬೈಲ್ ನೋಡಿಕೊಂಡು ಇವನ್ನೆಲ್ಲ ಬಿಟ್ಟರೆ ತೂಕ ಇನ್ನೂ ಇಳಿಯುತ್ತದೆ. ಅದಕ್ಕೇ ಡಯಟಿಶಿಯನ್‌ಗಳು ನಾಲ್ಕರಿಂದ ಆರು ವಾರಕ್ಕೆ ಪಥ್ಯ ನಿಲ್ಲಿಸಿ, ಬಿಟ್ಟದ್ದನ್ನು ಒಂದೊಂದಾಗಿ ಮತ್ತೆ ತಟ್ಟೆಗೆ ತರಿಸಿ, ಯಾವುದಕ್ಕೆ ಹೊಟ್ಟೆ ತಕರಾರು ಮಾಡಿತು ಎಂದು ಬರೆಸುತ್ತಾರೆ.