ಪೊಟ್ಟಣದೊಳಗಿರುವುದು ಅಶೋಕವೇ?

ಮುಟ್ಟಿನ ರಕ್ತ ವಿಪರೀತ ಹೋಗುತ್ತಿದ್ದರೆ ಅಶೋಕದ ತೊಗಟೆಯ ಕಷಾಯ ಕುಡಿಯಬೇಕೆನ್ನುವುದು ಹಳೆಯ ಮಾತು. ‘ಭೈಷಜ್ಯ ರತ್ನಾವಳಿ’ಯಲ್ಲಿ ಬರುವ ಅಶೋಕಾರಿಷ್ಟ ಇಂದಿಗೂ ಔಷಧ ಅಂಗಡಿಗಳಲ್ಲಿ ಸಿಗುತ್ತದೆ. ಆದರೆ ಘಟಪ್ರಭೆಯ ದಂಡೆಯ ಧುಪದಾಳದ ಹೆಣ್ಣುಮಗಳೊಬ್ಬಳು ಆ ತೊಗಟೆಯನ್ನು ಎಲ್ಲಿಂದ ತರಬೇಕು? ಅಶೋಕ ಪಶ್ಚಿಮಘಟ್ಟದ ಹಸಿ ಕಾಡಿನ, ಹಳ್ಳದ ದಂಡೆಯ ಮರ. ಘಟಪ್ರಭೆ ಹುಟ್ಟುವುದು ಆ ಘಟ್ಟದಲ್ಲೇ. ಆದರೆ ಧುಪದಾಳದ ಒಡ್ಡಿಗೆ ಬರುವ ಹೊತ್ತಿಗೆ ಅದು ಬಯಲುಸೀಮೆಯ ಹೊಳೆ. ಇಲ್ಲಿಯ ಕಬ್ಬು, ಗೋವಿನಜೋಳದ ನಡುವೆ ಅಶೋಕ ತಾನಾಗಿ ಬೆಳೆಯುವುದಿಲ್ಲ.

ಶಾಲೆಯ ಕಂಪೌಂಡಿಗೆ ಸಾಲಾಗಿ ನೆಟ್ಟಿರುತ್ತಾರಲ್ಲ, ಅದನ್ನೂ ನಾವು ಅಶೋಕ ಎನ್ನುತ್ತೇವೆ. ಅದು ಕಂಬದ ಮರ, ಸೀತಾಫಲದ ಕುಟುಂಬದ್ದು. ಅದರ ಹಸಿರು ಹೂ ಎಲೆಗಳೊಳಗೆ ಕಾಣುವುದೇ ಇಲ್ಲ. ನಿಜವಾದ ಅಶೋಕ ಹುಣಸೆಯ ಬಳಗದ್ದು. ಕಿತ್ತಳೆ-ಕೆಂಪು ಹೂಗೊಂಚಲು ಕೊಂಬೆಗೇ ಅಂಟಿಕೊಂಡು ಅರಳುತ್ತದೆ, ಚಿಗುರು ತಾಮ್ರದ ಬಣ್ಣ ತಳೆದು ಜೋತುಬೀಳುತ್ತದೆ. ಒಣಗಿಸಿ ಚೂರು ಮಾಡಿದ ತೊಗಟೆಯಲ್ಲಿ ಈ ಗುರುತು ಒಂದೂ ಉಳಿಯುವುದಿಲ್ಲ.

ಬೆಂಗಳೂರಿನ ವಿಜ್ಞಾನಿಗಳೂ ಇದ್ದ ತಂಡವೊಂದು ಅಂಗಡಿಯಲ್ಲಿ ಅಶೋಕವೆಂದು ಮಾರುವ ತೊಗಟೆಯನ್ನು ಡಿಎನ್‌ಎ ಪರೀಕ್ಷೆಗೆ ಹಚ್ಚಿತು. 25 ಅಂಗಡಿಗಳಿಂದ, ಹೆಚ್ಚಾಗಿ ದಕ್ಷಿಣ ಭಾರತದವುಗಳಿಂದ, ತೊಗಟೆ ತರಿಸಿದರು. 2016ರಲ್ಲಿ ಪ್ರಕಟವಾದ ಫಲಿತಾಂಶ ಗಾಬರಿ ಹುಟ್ಟಿಸುವಂಥದ್ದು: ಶೇ 80ಕ್ಕೂ ಹೆಚ್ಚು ಮಾದರಿಗಳು ಅಶೋಕವೇ ಅಲ್ಲ, ಕನಿಷ್ಠ 7 ಬೇರೆ ಬೇರೆ ಸಸ್ಯಕುಟುಂಬಗಳ ತೊಗಟೆ. ಹೀಗಿರುವಾಗ ‘ಕಷಾಯದಿಂದ ಗುಣವಾಯಿತು’ ಎಂದರೂ, ‘ಆಗಲಿಲ್ಲ’ ಎಂದರೂ ಅಶೋಕದ ಬಗ್ಗೆ ಏನೂ ಹೇಳಿದಂತಾಗುವುದಿಲ್ಲ. ಅತಿಸ್ರಾವದ ಮೇಲೆ ಅದರ ಪರಿಣಾಮವನ್ನು ಒಪ್ಪಲು ಹೆಂಗಸರ ಮೇಲೆ ದೊಡ್ಡ, ಕಟ್ಟುನಿಟ್ಟಿನ ಪ್ರಯೋಗಗಳು ನಡೆಯಲೇಬೇಕು. ಅದೂ ಮರದ ಗುರುತು ಖಚಿತಪಡಿಸಿಕೊಂಡ ಮೇಲೆ. ಈ ನಡುವೆ ತೊಗಟೆ ಸುಲಿದು ಸುಲಿದು ಕಾಡಿನ ಅಶೋಕ ಅಪಾಯಕ್ಕೆ ಸಿಕ್ಕಿದೆ.

ಮುಟ್ಟಿನ ಹೊಟ್ಟೆನೋವಿಗಾದರೆ ಅಡುಗೆಮನೆಯ ಶುಂಠಿಗೆ ಹೆಚ್ಚು ಪುರಾವೆಯಿದೆ. ಗರ್ಭಕೋಶದ ಒಳಪದರ ಕಳಚುವಾಗ ಹೊರಬರುವ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಅಲ್ಲಿಯ ಸ್ನಾಯುವನ್ನು ಹಿಂಡುತ್ತದೆ. ಆ ನೋವೇ ಇದು. ಐಬುಪ್ರೊಫೆನ್ ಮಾತ್ರೆ ಈ ರಾಸಾಯನಿಕದ ಉತ್ಪತ್ತಿಯನ್ನು ತಡೆಯುತ್ತದೆ. ಶುಂಠಿಯ ಖಾರದ ಅಂಶವೂ ಪ್ರಯೋಗಾಲಯದಲ್ಲಿ ಅದನ್ನೇ ಮಾಡುತ್ತದೆ. 2009ರಲ್ಲಿ ಇರಾನಿನಲ್ಲಿ 150 ವಿದ್ಯಾರ್ಥಿನಿಯರಿಗೆ ಮುಟ್ಟಿನ ಮೊದಲ 3 ದಿನ ಶುಂಠಿ ಪುಡಿ, ಮೆಫೆನಾಮಿಕ್ ಆಮ್ಲವೆಂಬ ನೋವಿನ ಮಾತ್ರೆ, ಐಬುಪ್ರೊಫೆನ್ ಹಂಚಿ ನೋಡಿದಾಗ ಮೂರೂ ಗುಂಪಿನಲ್ಲಿ ನೋವು ಒಂದೇ ಮಟ್ಟಿಗೆ ಇಳಿಯಿತು. ಆದರೆ ಬರೀ ಹುಸಿಗುಳಿಗೆ ಕೊಟ್ಟ ಗುಂಪು ಅದರಲ್ಲಿರಲಿಲ್ಲ. ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2016ರ ಪರಾಮರ್ಶೆಯೂ ಶುಂಠಿ, ಮೆಂತ್ಯಗಳ ಬಗೆಗಿನ ಪುರಾವೆಯನ್ನು ದುರ್ಬಲವೆಂದೇ ಹೇಳಿತು. ಆಶೆಗೆ ಜಾಗವಿದೆ, ತೀರ್ಪಿಗಿಲ್ಲ.

ನೋವಿಗೆ ಶುಂಠಿ ಕಷಾಯ ಕುಡಿಯಿರಿ, ಅಡ್ಡಿಯಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ವೈದ್ಯರನ್ನು ಕೇಳಿ. ಸ್ರಾವ 7 ದಿನ ದಾಟಿದರೆ, ಗಂಟೆಗೊಮ್ಮೆ ಬಟ್ಟೆ ಬದಲಿಸಬೇಕಾದರೆ, ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡರೆ ಯಾವ ಕಷಾಯಕ್ಕೂ ಕಾಯದೆ ಆಸ್ಪತ್ರೆಗೆ ಹೋಗಿ, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಳ್ಳಿ.